ಒಂಬತ್ತನೇ ಕಲಮು

ಹೊಸಬೆಂಗರೆಯಲ್ಲಿ ವರ್ಷದ ಅಷ್ಟೂ ದಿನ ಎಲ್ಲರೂ ಕೊಡೆ ಹಿಡಿದೇ ಓಡಾಡುತ್ತಿದ್ದರು. ನೆತ್ತಿ ಸುಡುವ ಮಾರ್ಚ್ ತಿಂಗಳಲ್ಲೂ ಮೀನು ಮಾರುವ ಹೆಂಗಸರ ಬುಟ್ಟಿಯ ಪಕ್ಕ ಮಡಚಿದ ಕರಿ ಕೊಡೆ ಇರುತ್ತಿತ್ತು. ಮದುವೆ ದಿಬ್ಬಣದಲ್ಲೂ ಕೊಡೆ, ಶಾಲೆಯ ಮಕ್ಕಳ ಕೈಯಲ್ಲೂ ಕೊಡೆ. ಹೊರಗಿನಿಂದ ಬಂದವರು ನೋಡಿ ನಗುತ್ತಿದ್ದರು. ಊರಿನವರಿಗೆ ನಗು ಬರುತ್ತಿರಲಿಲ್ಲ. ಮಳೆ ಬರುವ ದಿನ ಮಾತ್ರ ಕೊಡೆ ಹಿಡಿದರೆ, ಮಳೆ ಬರುತ್ತದೆಂದು ಮೊದಲೇ ಗೊತ್ತಿತ್ತು ಎಂದಾಗುತ್ತದೆ. ಹಾಗೆ ಗೊತ್ತಿರುವುದು ಒಪ್ಪಂದದ ಒಂಬತ್ತನೇ ಕಲಮಿನ ಪ್ರಕಾರ ಅಪರಾಧ.

ಒಪ್ಪಂದಕ್ಕೆ ಸಹಿ ಬಿದ್ದು ಎಂಟು ವರ್ಷವಾಗಿತ್ತು. ಹದಿನೈದು ತಿಂಗಳ ಯುದ್ಧದಲ್ಲಿ ಕರಾವಳಿ ಒಕ್ಕೂಟ ಸೋತು ದ್ವೀಪಕೂಟ ಗೆದ್ದಿತ್ತು. ಸೋತವರ ಪರವಾಗಿ ಇಬ್ಬರು ವಯಸ್ಸಾದ ಮಂತ್ರಿಗಳು ಗೆದ್ದವರ ಹಡಗಿಗೆ ಹೋಗಿ, ನಿಂತುಕೊಂಡೇ ಸಹಿ ಹಾಕಿ ಬಂದರು. ಕೂರಲು ಕುರ್ಚಿಯನ್ನೂ ಕೊಟ್ಟಿರಲಿಲ್ಲವಂತೆ. ಜನ ಅದನ್ನು ‘ಹಡಗಿನ ಕಾಗದ’ ಎಂದೇ ಕರೆಯುತ್ತಿದ್ದರು. ಎರಡು ದೊಡ್ಡ ಬಂದರು ಕೈಬಿಟ್ಟು ಹೋದದ್ದನ್ನು, ಸೈನ್ಯ ಕರಗಿದ್ದನ್ನು, ಶಾಲೆಯ ಪುಸ್ತಕಗಳು ಬದಲಾದದ್ದನ್ನು ಜನ ಹೇಗೋ ನುಂಗಿಕೊಂಡರು. ಒಂಬತ್ತನೇ ಕಲಮು ಮಾತ್ರ ಗಂಟಲಲ್ಲಿ ಸಿಕ್ಕಿಕೊಂಡಿತು. ‘ಸೋತ ದೇಶವು ಮೂವತ್ತು ವರ್ಷಗಳ ಕಾಲ ಆಕಾಶವನ್ನು ಅಳೆಯತಕ್ಕದ್ದಲ್ಲ.’

ಹಾಗೆ ಬರೆಯಲು ಕಾರಣವಿತ್ತು. ಯುದ್ಧದಲ್ಲಿ ಒಕ್ಕೂಟದ ಕೈಯಲ್ಲಿದ್ದ ಒಂದೇ ಭಯಂಕರ ಆಯುಧವೆಂದರೆ ಗಾಳಿಮಿಡತೆ. ಬೆರಳಿನಷ್ಟೇ ಉದ್ದದ, ಎಂಜಿನ್ ಇಲ್ಲದ, ಸಿಡಿಮದ್ದು ತುಂಬಿದ ಪುಟ್ಟ ಯಂತ್ರ ಅದು. ಲಕ್ಷಗಟ್ಟಲೆ ಬಿಟ್ಟರೆ ಗಾಳಿಯ ಮೇಲೆ ತೇಲುತ್ತಾ ಸಾವಿರ ಮೈಲಿ ಹೋಗುತ್ತಿತ್ತು. ಸದ್ದಿಲ್ಲ, ಬಿಸಿಯಿಲ್ಲ, ಯಾವ ರಾಡಾರಿಗೂ ಕಾಣುತ್ತಿರಲಿಲ್ಲ. ಆದರೆ ಎಲ್ಲಿ ಹೇಗೆ ಗಾಳಿ ಬೀಸುತ್ತದೆಂದು ಮೂರು ದಿನ ಮೊದಲೇ ಕರಾರುವಾಕ್ಕಾಗಿ ತಿಳಿದವರು ಮಾತ್ರ ಅದನ್ನು ಗುರಿ ಮುಟ್ಟಿಸಬಲ್ಲರು. ಆದ್ದರಿಂದ ಗೆದ್ದವರು ಮಿಡತೆಗಳ ಜೊತೆಗೆ ಗಾಳಿಯ ತಿಳಿವಳಿಕೆಯನ್ನೂ ಕಿತ್ತುಕೊಂಡರು. ವಾಯುಭಾರಮಾಪಕ, ಗಾಳಿಕೋಳಿ, ಬಲೂನು, ಫೋನಿನೊಳಗಿನ ಸಂವೇದಕ ಎಲ್ಲವೂ ಲಾರಿ ಹತ್ತಿ ಹೋದವು. ಇನ್ನು ಮುಂದೆ ಹವೆಯ ವರದಿ ಕೊಡುವುದು ಗೆದ್ದವರ ಹವಾ ಆಯೋಗ, ಅದೂ ಹನ್ನೆರಡು ಗಂಟೆ ತಡವಾಗಿ.

ಹೊಸಬೆಂಗರೆಯ ದೀಪಸ್ತಂಭದ ಪಕ್ಕದ ಕಟ್ಟಡದಲ್ಲಿ ಆ ಆಯೋಗದ ಕಚೇರಿಯಿತ್ತು. ಹಿಂದೆ ಅದು ಹವಾಮಾನ ಕೇಂದ್ರವಾಗಿದ್ದಾಗ ರಮಣಿ ಕುಂದರ್ ಅಲ್ಲಿ ವಿಜ್ಞಾನಿ. ಈಗ ನಲವತ್ತೆರಡರ ರಮಣಿ ಅದೇ ಕಟ್ಟಡದಲ್ಲಿ, ಅದೇ ಕಿಟಕಿಯ ಪಕ್ಕ, ಆಯೋಗದ ಗುಮಾಸ್ತೆ. ದೋಣಿಗಳ ಹೆಸರನ್ನು ಯಂತ್ರಕ್ಕೆ ಸೇರಿಸುವುದು, ಒಡೆದು ಹೋದ ದೋಣಿಗಳ ಹೆಸರು ತೆಗೆಯುವುದು, ಇಷ್ಟೇ ಕೆಲಸ.

ಆ ಯಂತ್ರಕ್ಕೆ ತಾಳೆಯಂತ್ರ ಎನ್ನುತ್ತಿದ್ದರು. ಬರಲಿರುವ ಹವೆ ಏನೆಂಬುದು ಆಯೋಗದ ಉಪಗ್ರಹಗಳಿಂದ ಅದರ ಹೊಟ್ಟೆಗೆ ಹೋಗುತ್ತಿತ್ತು, ಹೊರಗೆ ಮಾತ್ರ ಬರುತ್ತಿರಲಿಲ್ಲ. ಯಾವ ದೋಣಿ ಎತ್ತ ಚಲಿಸುತ್ತಿದೆ, ಯಾರು ಕೊಡೆ ಬಿಚ್ಚಿದರು ಎಂಬುದನ್ನೆಲ್ಲ ಅದು ಆ ಗುಟ್ಟಿನ ಹವೆಯ ಜೊತೆ ತಾಳೆ ಹಾಕಿ ನೋಡುತ್ತಿತ್ತು. ಬಿರುಗಾಳಿ ಬರುವುದಿದ್ದು, ವರದಿ ಹೊರಬೀಳುವ ಮುಂಚೆಯೇ ದೋಣಿಗಳು ದಡಕ್ಕೆ ತಿರುಗಿದರೆ ಆ ಬಂದರಿನವರಿಗೆ ಹೇಗೋ ಗೊತ್ತಾಗಿದೆ ಎಂದು ಲೆಕ್ಕ. ನೂರಕ್ಕೆ ಇಷ್ಟು ಎಂದು ಒಂದು ಅಂಕ ಕೊಡುತ್ತಿತ್ತು. ಅಂಕ ನಲವತ್ತು ದಾಟಿದರೆ ಬಂದರಿಗೆ ಬೀಗ. ಜನ ತಮ್ಮನ್ನು ತಾವೇ ಹದ್ದುಬಸ್ತಿನಲ್ಲಿಟ್ಟುಕೊಳ್ಳಲಿ ಎಂದು ಎಲ್ಲ ಬಂದರುಗಳ ಅಂಕವನ್ನೂ ಹರಾಜುಕಟ್ಟೆಯ ದೊಡ್ಡ ಬೋರ್ಡುಗಳಲ್ಲಿ, ಪ್ರತಿ ದೋಣಿಯೊಳಗಿನ ಪುಟ್ಟ ಪೆಟ್ಟಿಗೆಯಲ್ಲಿ ತೋರಿಸುತ್ತಿದ್ದರು.

ನವೆಂಬರ್ ಕೊನೆಯ ಆ ಗುರುವಾರ ಬೆಳಿಗ್ಗೆ ಆಕಾಶ ತೊಳೆದಿಟ್ಟ ಹಾಗಿತ್ತು. ರಮಣಿ ಕಾವಲಿಯಿಂದ ನೀರುದೋಸೆ ತೆಗೆಯುತ್ತಿದ್ದಳು. ತಮ್ಮ ಲೋಹಿತ ಎರಡು ದಿನದ ಹಿಂದೆ ‘ಬೊಬ್ಬರ್ಯ ಕೃಪಾ’ ದೋಣಿಯಲ್ಲಿ ಆರು ಜನರನ್ನು ಕರೆದುಕೊಂಡು ಆಳಸಮುದ್ರಕ್ಕೆ ಹೋಗಿದ್ದ. ಅವನ ಹೆಂಡತಿ ವಿನೀತಾ ಮೆಟ್ಟಿಲಲ್ಲಿ ಕೂತು ತೆಂಗಿನಕಾಯಿ ತುರಿಯುತ್ತಿದ್ದಳು. ಅಪ್ಪ ಮಾತ್ರ ಕೂತಲ್ಲಿ ಕೂರುತ್ತಿರಲಿಲ್ಲ. ಚಾವಡಿಯಿಂದ ಅಡುಗೆಮನೆಗೆ, ಅಡುಗೆಮನೆಯಿಂದ ಬಾವಿಕಟ್ಟೆಗೆ, ಮತ್ತೆ ಚಾವಡಿಗೆ.

ಅಪ್ಪ ಎಂದರೆ ಸೋಮ ತಂಡೇಲರು. ನಲವತ್ತು ವರ್ಷ ದೋಣಿ ನಡೆಸಿದವರು. ನಾಲ್ಕು ವರ್ಷದ ಹಿಂದೆ ಒಂದು ಮಧ್ಯಾಹ್ನ, ಕಾರಣ ಹೇಳದೆ, ಬಲೆ ಅರ್ಧಕ್ಕೇ ಎಳೆದು ದಡಕ್ಕೆ ಬಂದಿದ್ದರು. ಹಿಂದೆಯೇ ಇನ್ನೂ ಇಪ್ಪತ್ತು ದೋಣಿ ಬಂದವು. ಸಂಜೆ ಗಾಳಿ ಎದ್ದಿತು. ಜೀವ ಉಳಿಯಿತು, ಬಂದರಿಗೆ ಎರಡು ತಿಂಗಳು ಬೀಗ ಬಿತ್ತು. ಆಯೋಗದವರು ವಿಚಾರಣೆ ಮಾಡಿ, ನಿಷೇಧಿತ ಉಪಕರಣಗಳ ಪಟ್ಟಿಯಲ್ಲಿ ಗಾಳಿಕೋಳಿ, ಬಲೂನುಗಳ ಕೆಳಗೆ ಸೋಮ ತಂಡೇಲರ ಹೆಸರನ್ನೂ ಬರೆದರು. ಅಂದಿನಿಂದ ಅವರು ಮರಳಿನ ಮೇಲೆ ಕಾಲಿಡುವಂತಿಲ್ಲ. ಮನೆಯ ಸಮುದ್ರದ ಕಡೆಯ ಕಿಟಕಿಗಳಿಗೆ ಹಲಗೆ ಹೊಡೆದಿದ್ದರು.

“ಅಪ್ಪ, ದೋಸೆ ತಣೀತಾ ಉಂಟು. ಕೂತ್ಕೊಳ್ಳಿ ಒಮ್ಮೆ,” ಎಂದಳು ರಮಣಿ.

ಅವರು ಕೂತರು. ದೋಸೆ ಮುರಿದರು, ಬಾಯಿಗಿಡಲಿಲ್ಲ. ಹಲಗೆ ಹೊಡೆದ ಕಿಟಕಿಯ ಕಡೆ ಕಿವಿ ಕೊಟ್ಟು ತುಟಿ ಅಲ್ಲಾಡಿಸಿದರು.

“ಹದಿನಾಲ್ಕು,” ಎಂದರು.

“ಎಂತ ಹದಿನಾಲ್ಕು?”

“ನಾನು ಎಂತದೂ ಹೇಳ್ಲಿಲ್ಲ. ನೀನು ಎಂತದೂ ಕೇಳ್ಲಿಲ್ಲ.” ತಟ್ಟೆ ಪಕ್ಕಕ್ಕೆ ಸರಿಸಿ ಎದ್ದು ಮತ್ತೆ ಬಾವಿಕಟ್ಟೆಗೆ ಹೋದರು.

ರಮಣಿ ಒಲೆ ಆರಿಸಿ ನಿಂತಳು. ಸಮುದ್ರದ ಸದ್ದು ಹಲಗೆಯ ಸಂದಿಯಿಂದ ಬರುತ್ತಿತ್ತು. ಒಂದು ದೊಡ್ಡ ತೆರೆ ಬಿದ್ದದ್ದು ಕೇಳಿಸಿತು. ಮನಸ್ಸಿನಲ್ಲೇ ಎಣಿಸಿದಳು. ದಿನಾ ಏಳೋ ಎಂಟೋ ಎಣಿಸುವಷ್ಟರಲ್ಲಿ ಮುಂದಿನದು ಬೀಳುತ್ತಿತ್ತು. ಇವತ್ತು ಹನ್ನೆರಡು, ಹದಿಮೂರು, ಹದಿನಾಲ್ಕು. ಆಮೇಲೆ ನೆಲ ನಡುಗುವ ಹಾಗೆ ಒಂದು ಪೆಟ್ಟು. ಅಷ್ಟು ದೂರ ದೂರದ ತೆರೆಗಳನ್ನು ಹತ್ತಿರದ ಗಾಳಿ ಎಬ್ಬಿಸುವುದಿಲ್ಲ. ಎಲ್ಲೋ ಐನೂರು ಮೈಲಿ ಆಚೆ ದೊಡ್ಡ ಚಂಡಮಾರುತವೊಂದು ಸುತ್ತುತ್ತಿದ್ದರೆ ಮಾತ್ರ ಇಂಥ ತೆರೆ ಏಳುತ್ತದೆ, ಎದ್ದು ಚಂಡಮಾರುತಕ್ಕಿಂತ ಮೊದಲು ಓಡಿ ಬರುತ್ತದೆ. ಕಾಲೇಜಿನಲ್ಲಿ ಅವಳು ಸೂತ್ರ ಬರೆದು ಕಲಿತದ್ದನ್ನು ಅಪ್ಪ ಮಂಚದಲ್ಲಿ ಮಲಗಿ ಕೇಳಿಸಿಕೊಂಡಿದ್ದರು.

“ಅಕ್ಕ, ಮಾವ ಯಾಕೆ ಹೀಗೆ ಮಾಡ್ತಾರೆ?” ವಿನೀತಾ ಕೇಳಿದಳು. ತುರಿಯುವುದನ್ನು ನಿಲ್ಲಿಸಿದ್ದಳು. “ಇವ್ರು ಶನಿವಾರ ಬರ್ತೇನೆ ಅಂತ ಹೇಳಿ ಹೋದದ್ದು.”

“ಅವರಿಗೆ ನಿದ್ದೆ ಸಾಕಾಗ್ಲಿಲ್ಲ ಕಾಣ್ತದೆ,” ಎಂದು ರಮಣಿ ಕೊಡೆ ತೆಗೆದುಕೊಂಡು ಹೊರಟಳು. ವಿನೀತಾಳ ಮುಖ ನೋಡಲಿಲ್ಲ.

ಕಚೇರಿ ಮುಟ್ಟಿದಾಗ ಒಂಬತ್ತು ಗಂಟೆ. ಗೋಡೆಯ ಮೇಲೆ ಆ ದಿನದ ವರದಿ ಅಂಟಿಸಿತ್ತು: ಸಮುದ್ರ ಸಾಧಾರಣ, ಗಾಳಿ ಮಂದ. ದೊಡ್ಡ ಪರದೆಯಲ್ಲಿ ಐದು ಬಂದರುಗಳ ದೋಣಿಗಳು ಹಸಿರು ಚುಕ್ಕೆಗಳಾಗಿ ಹರಡಿದ್ದವು. ಹೊಸಬೆಂಗರೆಯವು ಅರವತ್ತೊಂದು. ‘ಬೊಬ್ಬರ್ಯ ಕೃಪಾ’ ಎಲ್ಲಕ್ಕಿಂತ ದೂರ, ದಡದಿಂದ ಐವತ್ತು ಮೈಲಿ ಆಚೆ. ಎಲ್ಲ ಬಂದರುಗಳ ಅಂಕವೂ ಹತ್ತರ ಒಳಗೆ. ಏನೂ ಗೊತ್ತಿಲ್ಲದವರು ಏನೂ ಗೊತ್ತಿಲ್ಲದ ಹಾಗೆಯೇ ಮೀನು ಹಿಡಿಯುತ್ತಿದ್ದರು.

ಅವಳು ಕುರ್ಚಿಯಲ್ಲಿ ಕೂತಳು, ಎದ್ದಳು, ನೀರು ಕುಡಿದಳು, ಮತ್ತೆ ಕೂತಳು. ಒಂದು ಹಳೇ ದೋಣಿಯ ಹೆಸರನ್ನು ಎರಡು ಸಲ ತಪ್ಪಾಗಿ ಬರೆದಳು. ಹೋಗಿ ಹೇಳಲೋ? ಏನೆಂದು ಹೇಳುವುದು? ‘ಅಪ್ಪ ಎಣಿಸಿದರು’ ಎಂದರೆ ಅಪ್ಪನನ್ನು ಸೀದಾ ಜೈಲಿಗೆ ಕಳಿಸಿದ ಹಾಗೆ. ‘ನಾನು ಎಣಿಸಿದೆ’ ಎಂದರೆ ಬಂದರಿಗೆ ಬೀಗ, ಮುನ್ನೂರು ಮನೆಯ ಒಲೆಗೆ ನೀರು. ಅಥವಾ ತಾನೇ ತಪ್ಪು ಎಣಿಸಿದ್ದರೆ? ಎಂಟು ವರ್ಷದಿಂದ ಕೈಬಿಟ್ಟ ವಿದ್ಯೆ. ಗಡಿಯಾರ ಒಂಬತ್ತೂಮುಕ್ಕಾಲು ತೋರಿಸುವಾಗ ಕೊನೆಗೂ ಎದ್ದು ಅಧಿಕಾರಿಯ ಕೋಣೆಗೆ ಹೋದಳು.

ಇಲ್ಯಾನ್ ವೆರೊ ಐವತ್ತರ ಸಪೂರ ಮನುಷ್ಯ, ದ್ವೀಪಕೂಟದವನು. ಕನ್ನಡವನ್ನು ಪುಸ್ತಕ ಓದಿ ಕಲಿತಿದ್ದ. ಮೇಜಿನ ಮೇಲೆ ಚಹಾ ಆರಿ ಕೆನೆಗಟ್ಟಿತ್ತು.

“ಸರ್, ಇವತ್ತಿನ ವರದಿ ಸರಿ ಉಂಟಾ?”

“ಬಂದಂತೆಯೇ ಪ್ರಕಟಿಸಲಾಗಿದೆ, ರಮಣಿಯವರೇ.”

“ಬಂದದ್ದರ ಬಗ್ಗೆ ಅಲ್ಲ ನಾನು ಕೇಳಿದ್ದು. ಬಾರದ್ದರ ಬಗ್ಗೆ.”

ಅವನು ಬೆರಳುಗಳನ್ನು ಹೆಣೆದುಕೊಂಡ. “ವರದಿಯನ್ನು ಅವಧಿಗೆ ಮುನ್ನ ಹೊರಡಿಸುವ ಅಧಿಕಾರ ನನಗಿಲ್ಲ. ಆಯೋಗದ ಮಂಡಳಿಯ ಅನುಮತಿಯನ್ನು ಕೋರಿದ್ದೇನೆ. ಉತ್ತರ ಬಂದಿಲ್ಲ.”

“ಎಂತದಕ್ಕೆ ಅನುಮತಿ?”

ಅವನು ಆರಿದ ಚಹಾವನ್ನು ಪಕ್ಕಕ್ಕೆ ಸರಿಸಿದ. ಆಡಬಾರದ್ದನ್ನು ಆಡಿಬಿಟ್ಟೆನೆಂದು ಅವನ ಮುಖವೇ ಹೇಳುತ್ತಿತ್ತು.

“ಸರ್, ಸಮುದ್ರದಲ್ಲಿ ನನ್ನ ತಮ್ಮ ಇದ್ದಾನೆ. ಐದು ಬಂದರಿನವರು ಇದ್ದಾರೆ. ನೀವು ಒಂದು ಮಾತು ಹೇಳಿದ್ರೆ ಸಾಕು.”

“ನನಗೂ ಒಬ್ಬ ತಂಗಿ ಇದ್ದಳು,” ಎಂದ ವೆರೊ. ಸ್ವರ ಏರಲಿಲ್ಲ. “ನಮ್ಮ ಬಂದರಿನ ಆಸ್ಪತ್ರೆಯಲ್ಲಿ ದಾದಿ. ಮಿಡತೆಗಳು ಬಂದ ದಿನ ಅವಳು ಕೆಲಸದಲ್ಲಿದ್ದಳು. ಆ ದಿನದ ಗಾಳಿಯ ನಕ್ಷೆ ಯುದ್ಧದ ನಂತರ ನಮ್ಮ ಕೈ ಸೇರಿತು. ಅದರ ಕೆಳಗೆ ಯಾರ ಸಹಿಯಿತ್ತೆಂಬುದು ನಿಮಗೆ ನೆನಪಿರಬಹುದು.”

ರಮಣಿಗೆ ನೆನಪಿತ್ತು. ಇಪ್ಪತ್ತನೆಯ ತಾರೀಖು, ಈಶಾನ್ಯದ ಗಾಳಿ, ಗಂಟೆಗೆ ಹದಿನೆಂಟು ಮೈಲಿ. ಕೆಳಗೆ ಅವಳದೇ ಸಹಿ. ಎಂಟು ವರ್ಷದಲ್ಲಿ ಅಪ್ಪನ ಹತ್ತಿರವೂ ಹೇಳದ ಮಾತು.

“ಗೊತ್ತಿದ್ದೂ ನಂಗೆ ಇಲ್ಲಿ ಕೆಲಸ ಕೊಟ್ರಿ?”

“ಕಣ್ಣೆದುರಿಗೆ ಇರಲಿ ಎಂದು ಕೊಟ್ಟೆ. ಮೊದಲ ವರ್ಷ ದ್ವೇಷಿಸಲು. ನಂತರ ಅಭ್ಯಾಸವಾಯಿತು.” ಅವನು ಕಿಟಕಿಯ ಕಡೆ ತಿರುಗಿದ. “ತಾವು ದಯವಿಟ್ಟು ತಮ್ಮ ಸ್ಥಾನಕ್ಕೆ ಹೋಗಿ.”

ತನ್ನ ಮೇಜಿಗೆ ಬಂದವಳು ಕೂರಲಾರದೆ ಕಿಟಕಿಯಲ್ಲಿ ನಿಂತಳು. ಹೊರಗೆ ಏನೋ ಒಂದು ಬದಲಾದ ಹಾಗೆ ಕಂಡಿತು, ಏನೆಂದು ತಕ್ಷಣ ಹೊಳೆಯಲಿಲ್ಲ. ಆಮೇಲೆ ಗೊತ್ತಾಯಿತು. ಬಂದರಿನ ಹೊರಗಿನ ಕಟ್ಟೆಗೆ ಕಟ್ಟಿರುತ್ತಿದ್ದ ಆಯೋಗದ ಏಳು ಬಿಳಿ ಲಾಂಚುಗಳಲ್ಲಿ ಒಂದೂ ಅಲ್ಲಿರಲಿಲ್ಲ. ಕತ್ತು ಚಾಚಿ ನದಿಯ ಕಡೆ ನೋಡಿದಳು. ಅಳಿವೆಯ ಒಳಗೆ, ಕಾಂಡ್ಲಾ ಗಿಡಗಳ ಮರೆಯಲ್ಲಿ, ಏಳೂ ಸಾಲಾಗಿ, ಜೋಡಿ ಹಗ್ಗದಲ್ಲಿ ಬಿಗಿದು ನಿಂತಿದ್ದವು.

ಅವರಿಗೆ ಗೊತ್ತಿತ್ತು. ತಮ್ಮ ಲಾಂಚುಗಳನ್ನು ಬೆಳಗಾಗುವುದರೊಳಗೆ ಒಳಗೆ ತಂದುಕೊಂಡಿದ್ದರು.

ಬಹಳ ಹೊತ್ತು ಅವಳು ಆ ಲಾಂಚುಗಳನ್ನೇ ನೋಡಿದಳು. ತಲೆ ಸ್ಪಷ್ಟವಾಗುತ್ತಾ ಬಂತು. ತಾಳೆಯಂತ್ರಕ್ಕೆ ಬರಲಿರುವ ಹವೆ ಗೊತ್ತಿದೆ. ಯಾರು ಗೊತ್ತಿದ್ದವರಂತೆ ನಡೆದುಕೊಳ್ಳುತ್ತಾರೆ ಎಂಬುದನ್ನಷ್ಟೇ ಅದು ಹೇಳುತ್ತದೆ. ಆಯೋಗದ ಲಾಂಚುಗಳ ಹೆಸರು ಅದರ ಪಟ್ಟಿಯಲ್ಲಿಲ್ಲ, ಆದ್ದರಿಂದ ಅದು ಅವುಗಳ ಕಡೆ ನೋಡುವುದಿಲ್ಲ. ಪಟ್ಟಿಗೆ ಹೆಸರು ಸೇರಿಸುವ ಗುಮಾಸ್ತೆ ಯಾರು? ತಾನೇ.

ಹಾಗೆಂದು ಕೂಡಲೇ ಕೈ ಹಾಕಲಿಲ್ಲ. ಕೂತಳು, ಮತ್ತೆ ಎದ್ದಳು. ಅಪ್ಪನ ನೆನಪಾಯಿತು, ಜೈಲಿನ ನೆನಪಾಯಿತು. ಗಡಿಯಾರ ಹತ್ತೂವರೆ ದಾಟಿತು. ಅಂಗಳದಲ್ಲಿ ಗಾಳಿ ಎಂಬುದೇ ಇರಲಿಲ್ಲ, ಬಾವುಟ ಕಂಬಕ್ಕೆ ಅಂಟಿಕೊಂಡಿತ್ತು. ಹನ್ನೊಂದಕ್ಕೆ ಐದು ನಿಮಿಷ ಇರುವಾಗ ಅವಳು ಕೀಲಿಮಣೆ ಎಳೆದುಕೊಂಡು, ಒಂದೊಂದಾಗಿ, ಏಳು ಲಾಂಚುಗಳ ನಂಬರನ್ನೂ ಬರೆದಳು. ಬಂದರಿನ ಹೆಸರು ಎಂಬಲ್ಲಿ ‘ಆಯೋಗದ ಲಾಂಚುಗಳು’ ಎಂದು ತುಂಬಿ ಗುಂಡಿ ಒತ್ತಿದಳು.

ಯಂತ್ರ ಒಂದು ನಿಮಿಷ ಯೋಚಿಸಿತು. ಆಮೇಲೆ ಪರದೆಯ ಮೇಲೆ ಐದು ಬಂದರುಗಳ ಕೆಳಗೆ ಆರನೆಯ ಸಾಲೊಂದು ಮೂಡಿತು.

ಆಯೋಗದ ಲಾಂಚುಗಳು: 93.

ಮೂರು ನಿಮಿಷದಲ್ಲಿ ಫೋನು ಬಡಿದುಕೊಂಡಿತು. ವಿನೀತಾ ಹರಾಜುಕಟ್ಟೆಯಲ್ಲಿದ್ದಳು, ಸುತ್ತ ಗದ್ದಲ ಕೇಳಿಸುತ್ತಿತ್ತು. “ಅಕ್ಕ, ಬೋರ್ಡಿನಲ್ಲಿ ಹೊಸ ಹೆಸರು ಬಂದಿದೆ. ತೊಂಬತ್ತಮೂರು ಅಂತ ಉಂಟು. ಎಲ್ಲರೂ ನೋಡ್ತಾ ನಿಂತಿದ್ದಾರೆ. ನಿಜವಾ ಅದು?”

“ನೀನು ಓದಿದ್ದು ನೀನೇ ಅರ್ಥ ಮಾಡ್ಕೋ,” ಎಂದು ರಮಣಿ ಫೋನು ಇಟ್ಟಳು.

ಅರ್ಥ ಮಾಡಿಕೊಳ್ಳಲು ಯಾರಿಗೂ ಹೊತ್ತು ಬೇಕಾಗಲಿಲ್ಲ. ಎಂಟು ವರ್ಷ ಆ ಅಂಕದ ಕೆಳಗೇ ಬದುಕಿದ ಜನ. ಬಿರುಗಾಳಿ ಇಲ್ಲದೆ ತೊಂಬತ್ತಮೂರು ಬರುವುದಿಲ್ಲವೆಂದು ಚಿಕ್ಕ ಮಕ್ಕಳಿಗೂ ಗೊತ್ತಿತ್ತು. ಪರದೆಯಲ್ಲಿ ಮೊದಲು ಒಂದು ಚುಕ್ಕೆ ತಿರುಗಿತು, ಆಮೇಲೆ ನಾಲ್ಕು, ಆಮೇಲೆ ಐದೂ ಬಂದರಿನವು ಹಿಂಡು ಹಿಂಡಾಗಿ. ತಿರುಗಿದ ಹಾಗೆಲ್ಲ ಹೊಸಬೆಂಗರೆಯ ಅಂಕ ಏರತೊಡಗಿತು. ಇಪ್ಪತ್ತು. ಮೂವತ್ತೆಂಟು. ನಲವತ್ತು ದಾಟಿ ಕೆಂಪಾಯಿತು. ಬಂದರಿಗೆ ಬೀಗ ಬಿತ್ತೆಂದೇ ಲೆಕ್ಕ. ಬೀಗ ಬೀಳುತ್ತದೆಂದು ತಿಳಿದೇ ಅವರು ದಡಕ್ಕೆ ಬರುತ್ತಿದ್ದರು. ‘ಬೊಬ್ಬರ್ಯ ಕೃಪಾ’ ಇನ್ನೂ ಇದ್ದಲ್ಲೇ ಇತ್ತು. ಬಲೆ ನೀರಿನಲ್ಲಿದೆಯೋ? ಪೆಟ್ಟಿಗೆ ನೋಡಲಿಲ್ಲವೋ? ರಮಣಿ ಬೆರಳಿನಿಂದ ಪರದೆಯ ಮೇಲಿನ ಆ ಚುಕ್ಕೆಯನ್ನು ದಡದ ಕಡೆ ತಳ್ಳಿದಳು, ತಳ್ಳಿದರೆ ಹೋಗುತ್ತದೆಂಬ ಹಾಗೆ. ಹನ್ನೆರಡು ಗಂಟೆಗೆ ಹತ್ತು ನಿಮಿಷ ಇರುವಾಗ ಅದು ತಿರುಗಿತು.

ಆಗಲೇ ಇನ್ನೊಂದು ಸಂಗತಿ ಕಣ್ಣಿಗೆ ಬಿತ್ತು. ಅವಳು ಬರೆದ ಸಾಲನ್ನು ಅಳಿಸುವ ಅಧಿಕಾರ ಅಧಿಕಾರಿಯ ಕೋಣೆಯ ಯಂತ್ರಕ್ಕಿತ್ತು. ಹನ್ನೊಂದು ಗಂಟೆ ಹತ್ತು ನಿಮಿಷಕ್ಕೆ ಆ ಯಂತ್ರದಿಂದ ಯಾರೋ ಆ ಸಾಲನ್ನು ತೆರೆದಿದ್ದರು. ಏನನ್ನೂ ಬದಲಿಸದೆ ಮುಚ್ಚಿದ್ದರು. ವೆರೊನ ಕೋಣೆಯ ಬಾಗಿಲು ಮಾತ್ರ ಹಾಕಿಯೇ ಇತ್ತು.

ಲೋಹಿತ ಸಂಜೆ ಆರೂವರೆಗೆ ದಡ ಮುಟ್ಟಿದ. ಆಗಲೇ ಪಡುವಣ ಆಕಾಶ ತಾಮ್ರದ ಬಣ್ಣಕ್ಕೆ ತಿರುಗಿ, ತೆರೆಗಳು ಕಟ್ಟೆಯನ್ನು ಹಾರಿ ಬರುತ್ತಿದ್ದವು. ವಿನೀತಾ ಎಲ್ಲರೆದುರೇ ಅವನ ಬೆನ್ನಿಗೆ ಎರಡು ಗುದ್ದು ಕೊಟ್ಟು ಅತ್ತಳು. ಬೆಳಗಿನ ಜಾವ ಚಂಡಮಾರುತ ನೆಲಕ್ಕೆ ಬಂತು. ಹರಾಜುಕಟ್ಟೆಯ ಮಾಡು ಹಾರಿಹೋಯಿತು, ತೆಂಗು ಸಾಲು ಸಾಲಾಗಿ ಬಿತ್ತು. ಅರವತ್ತು ದೋಣಿಗಳ ಜನ ಗೋಡೆಗೆ ಒರಗಿ ಕೂತು ಆ ಸದ್ದು ಕೇಳಿದರು. ಅರವತ್ತೊಂದನೆಯದು ಬರಲಿಲ್ಲ. ಯಶವಂತ ಸಾಲ್ಯಾನರ ದೋಣಿ, ಏಳು ಜನ. ಅವರ ಪೆಟ್ಟಿಗೆ ಕೆಟ್ಟು ನಾಲ್ಕು ದಿನವಾಗಿತ್ತು. ರಿಪೇರಿಗೆ ಅರ್ಜಿ ಆಯೋಗದ ಕಚೇರಿಯಲ್ಲೇ ಬಿದ್ದಿತ್ತು.

ವಿಚಾರಣೆ ಜನವರಿಯಲ್ಲಿ ನಡೆಯಿತು. ಮಂಡಳಿಯ ಮೂವರು ಸದಸ್ಯರು. ನಡುವೆ ಕೂತಿದ್ದ ಬಿಳಿಕೂದಲಿನ ಹೆಂಗಸು ಅಧ್ಯಕ್ಷೆ. ಪಕ್ಕದಲ್ಲಿದ್ದ ದುಭಾಷಿ ಅವಳ ಮಾತನ್ನು ಕನ್ನಡಕ್ಕೆ ತಿರುಗಿಸುತ್ತಿದ್ದ.

“ನೀವು ಒಂಬತ್ತನೇ ಕಲಮನ್ನು ಮುರಿದಿದ್ದೀರಿ.”

“ಇಲ್ಲ. ಅದರಲ್ಲಿ ಆಕಾಶ ಅಳೀಬಾರದು ಅಂತ ಉಂಟು. ನಾನು ಆಕಾಶ ಅಳೀಲಿಲ್ಲ. ನಿಮ್ಮ ಲಾಂಚುಗಳನ್ನು ಅಳೆದೆ.”

ಹಿಂದಿನ ಬೆಂಚಿನಲ್ಲಿ ಯಾರೋ ನಕ್ಕರು. ಅಧ್ಯಕ್ಷೆ ನಗಲಿಲ್ಲ. “ನಾಳೆ ಇನ್ನೊಬ್ಬರು ಇದೇ ದಾರಿಯಲ್ಲಿ ಗಾಳಿಯನ್ನು ತಿಳಿದುಕೊಂಡು ಮಿಡತೆ ಹಾರಿಸಿದರೆ? ಆಗ ಸತ್ತವರಿಗೆ ನೀವು ಏನು ಉತ್ತರ ಕೊಡುತ್ತೀರಿ?”

ಅದು ನ್ಯಾಯವಾದ ಪ್ರಶ್ನೆ ಎಂದು ರಮಣಿಗೆ ಅನ್ನಿಸಿತು. ಎರಡು ಕೈಯಲ್ಲೂ ಕಟಕಟೆಯ ಅಂಚು ಹಿಡಿದುಕೊಂಡಳು. “ಉತ್ತರ ಇಲ್ಲ ನನ್ನ ಹತ್ರ. ನಿಮ್ಮ ಬಂದರಿಗೆ ಮಿಡತೆ ಹೋದ ದಿನದ ನಕ್ಷೆ ಬರೆದದ್ದು ನಾನೇ. ಯಾರು ಸಾಯ್ತಾರೆ ಅಂತ ಯೋಚನೆ ಮಾಡ್ಲಿಲ್ಲ ಆಗ. ಗಾಳಿ ಸರಿ ಲೆಕ್ಕ ಹಾಕಿದೆ ಅಂತ ಖುಷಿ ಆಗಿತ್ತು. ಆ ಪಾಪ ನನ್ನದು, ಎಲ್ಲಿಗೆ ಬೇಕಾದ್ರೂ ಬರೆದು ಕೊಡ್ತೇನೆ. ಆದ್ರೆ ಯಶವಂತ ಸಾಲ್ಯಾನರು ನಕ್ಷೆ ಬರೆದವರಲ್ಲ. ಅವರು ಬಂಗಡೆ ಹಿಡಿಯುವವರು.”

ಸಾಕ್ಷಿಯ ಜಾಗದಲ್ಲಿದ್ದ ವೆರೊ ತಲೆಯೆತ್ತಿದ. ಆ ಸಾಲನ್ನು ಹನ್ನೊಂದೂ ಹತ್ತಕ್ಕೆ ನೋಡಿಯೂ ಏಕೆ ಅಳಿಸಲಿಲ್ಲವೆಂದು ಅವನನ್ನು ಕೇಳಿದರು. “ಅದರಲ್ಲಿ ತಪ್ಪಿರಲಿಲ್ಲ,” ಎಂದ ಅವನು. ಮರುವಾರ ಅವನನ್ನು ವಾಪಸು ಕರೆಸಿಕೊಂಡರು.

ತೀರ್ಪು ಹೀಗಿತ್ತು. ಹೊಸಬೆಂಗರೆ ಸೇರಿ ಐದೂ ಬಂದರುಗಳಿಗೆ ಮೀನುಗಾರಿಕೆಯ ಋತು ಮುಗಿಯುವವರೆಗೆ ಬೀಗ. ಬೋರ್ಡುಗಳನ್ನು ಕಿತ್ತುಹಾಕುವುದು. ಆಯೋಗದ ಲಾಂಚುಗಳು ಇನ್ನು ಯಾವ ಹವೆಯಲ್ಲೂ ಕಟ್ಟೆ ಬಿಟ್ಟು ಕದಲಬಾರದು. ಏಳು ಜನ ಸತ್ತ ಸುದ್ದಿ ದ್ವೀಪಕೂಟದ ಪತ್ರಿಕೆಗಳಲ್ಲೂ ಬಂದು ಅಲ್ಲಿಯ ಜನವೇ ಗಲಾಟೆ ಎಬ್ಬಿಸಿದ್ದರಿಂದ, ವರದಿಯ ಹನ್ನೆರಡು ಗಂಟೆ ತಡವನ್ನು ಮೂರು ಗಂಟೆಗೆ ಇಳಿಸಿದರು. ರಮಣಿ ಕುಂದರ್ ಸಮುದ್ರದಿಂದ ನೂರೈವತ್ತು ಮೈಲಿ ದೂರದ ಬಯಲುಸೀಮೆಯ ಊರಿನಲ್ಲಿ ಹತ್ತು ವರ್ಷ ಇರಬೇಕು. ಅಷ್ಟೂ ಕಾಲ ಮಳೆ, ಗಾಳಿ, ಮೋಡದ ಬಗ್ಗೆ ಯಾರೊಂದಿಗೂ ಮಾತಾಡಕೂಡದು. ಆಡಿದರೆ ಜೈಲು.

ಹೊರಡುವ ಮುಂಚೆ ಮನೆಗೆ ಜನ ಬಂದರು. ಕೆಲವರು ಕೈ ಹಿಡಿದುಕೊಂಡರು. ಕೆಲವರು ಅಂಗಳದ ತನಕ ಬಂದು, ಬೀಗ ಬಿದ್ದ ಬಂದರಿನ ಸಿಟ್ಟಿನಲ್ಲಿ, ಒಳಗೆ ಬಾರದೆ ಹಿಂದಕ್ಕೆ ಹೋದರು. ಕೊನೆಗೆ ಯಶವಂತ ಸಾಲ್ಯಾನರ ಹೆಂಡತಿ ಗುಲಾಬಿ ಬಂದಳು. ಕೂರು ಎಂದರೆ ಕೂರಲಿಲ್ಲ.

“ಒಂದು ಕೇಳ್ತೇನೆ ರಮಣಿಯಕ್ಕ. ನೀವು ಆಫೀಸಿಗೆ ಹೋದದ್ದು ಒಂಬತ್ತಕ್ಕೆ. ಬೋರ್ಡಿಗೆ ಬಂದದ್ದು ಹನ್ನೊಂದಕ್ಕೆ. ಲೀಲಾಧರನ ದೋಣಿ ಹತ್ತೂವರೆ ತನಕ ಇವ್ರ ದೋಣಿಯ ಪಕ್ಕದಲ್ಲೇ ಇತ್ತಂತೆ. ಕೂಗಿ ಹೇಳುವಷ್ಟು ಹತ್ರ.” ಅವಳ ಧ್ವನಿಯಲ್ಲಿ ಜಗಳವಿರಲಿಲ್ಲ. “ಆ ಎರಡು ಗಂಟೆ ನೀವು ಎಂತ ಮಾಡ್ತಾ ಇದ್ರಿ?”

“ಹೆದರ್ತಾ ಇದ್ದೆ,” ಎಂದಳು ರಮಣಿ.

ಗುಲಾಬಿ ತಲೆಯಾಡಿಸಿದಳು. ಅಂಗಳ ದಾಟಿ ಹೋದಳು. ಅಪ್ಪ ಬಾಗಿಲಿನ ಹತ್ತಿರ ಬಂದು ಮಗಳ ಬೆನ್ನ ಮೇಲೆ ಕೈ ಇಟ್ಟರು.

ಮಾರ್ಚ್ ಮೊದಲ ವಾರ ಅವಳನ್ನು ಬಸ್ಸಿನಲ್ಲಿ ಕಳಿಸಿದರು. ಜೊತೆಗೆ ಒಬ್ಬ ಪೇದೆ, ಬಯಲುಸೀಮೆಯವನೇ, ನಿಂಗಪ್ಪ ಎಂದು. ಒಳ್ಳೆಯವನ ಹಾಗೆ ಕಂಡ, ಆದರೆ ಜೇಬಿನಲ್ಲಿ ಪುಸ್ತಕವಿತ್ತು. ಅವಳು ಯಾರ ಹತ್ತಿರ ಏನು ಮಾತಾಡಿದಳೆಂದು ಬರೆಯುವುದು ಅವನ ಕೆಲಸ. ಘಟ್ಟ ಹತ್ತಿ ಇಳಿದರೂ ರಮಣಿ ಸೀಟಿನಲ್ಲಿ ನೆಟ್ಟಗೆ ಒರಗಲಿಲ್ಲ. ಗುಲಾಬಿಯ ಪ್ರಶ್ನೆ ಅವಳನ್ನು ಬಿಟ್ಟಿರಲಿಲ್ಲ. ಮಧ್ಯಾಹ್ನ ಎರಡು ಗಂಟೆಗೆ ರಸ್ತೆಬದಿಯ ಒಂದು ಚಹಾದಂಗಡಿಯ ಮುಂದೆ ಬಸ್ಸು ನಿಂತಿತು.

ಅಂಗಡಿಯ ಆಚೆ ದೊಡ್ಡ ಕಣ. ಕಣದ ತುಂಬ ಕೆಂಪು ಮೆಣಸಿನಕಾಯಿ ಹರವಿದ್ದರು, ಕಣ್ಣು ಕೋರೈಸುವಷ್ಟು ಕೆಂಪು. ನಾಲ್ಕೈದು ಹೆಂಗಸರು ಕಾಯಿ ತಿರುವಿ ಹಾಕುತ್ತಿದ್ದರು. ಬಿಸಿಲು ಉರಿಯುತ್ತಿತ್ತು. ರಮಣಿ ಚಹಾದ ಲೋಟ ಹಿಡಿದು ನಿಂತವಳು ತಿರುಗಿ ಚಹಾದಂಗಡಿಯ ಮಾಡಿನ ಹಿಂದೆ ನೋಡಿದಳು. ಬೆಟ್ಟದ ಬೆನ್ನಿಗೆ ಒಂದು ಮೋಡ, ಬುಡ ಕಪ್ಪಾಗಿ, ತಲೆ ಹೂಕೋಸಿನ ಹಾಗೆ ಉಬ್ಬುತ್ತಿತ್ತು. ಪಡುವಣದಿಂದ ಬರುತ್ತಿದ್ದ ಬಿಸಿಗಾಳಿ ತಟ್ಟನೆ ನಿಂತಿತು. ಒಂದೆರಡು ಕ್ಷಣ ಏನೂ ಇಲ್ಲ. ಆಮೇಲೆ ಬೆಟ್ಟದ ಕಡೆಯಿಂದ ತಣ್ಣನೆಯ ಒಂದು ಎಳೆ ಅವಳ ಕುತ್ತಿಗೆಗೆ ತಾಗಿತು.

ಇನ್ನು ಇಪ್ಪತ್ತು ನಿಮಿಷ. ಹೆಚ್ಚೆಂದರೆ ಇಪ್ಪತ್ತೈದು.

ಲೋಟ ಬೆಂಚಿನ ಮೇಲೆ ಇಟ್ಟು ಅವಳು ಓಡಿದಳು. “ಅಮ್ಮಾ! ಮಳೆ ಬರ್ತದೆ! ಮೆಣಸಿನಕಾಯಿ ಎತ್ತಿ! ಬೇಗ ಎತ್ತಿ!”

ಹೆಂಗಸರು ತಲೆಯೆತ್ತಿ ಬಿಸಿಲು ನೋಡಿದರು, ಅವಳನ್ನು ನೋಡಿದರು. “ಮಳೀನಾ? ಇಂಥಾ ಬಿಸಿಲಾಗ?” ಎಂದು ಒಬ್ಬಳು ನಕ್ಕಳು.

“ಮೇಡಂ! ಶರತ್ತು ನೆನಪೈತಲ್ರೀ?” ನಿಂಗಪ್ಪ ಹಿಂದಿನಿಂದ ಕೂಗುತ್ತಾ ಬಂದ. ಪುಸ್ತಕ ಕೈಯಲ್ಲಿತ್ತು. “ಬಾಯಿ ಮುಚ್ಚಿಕೊಂಡು ಬಸ್ಸು ಹತ್ರಿ. ನಾ ಕೇಳಿಲ್ಲ ಅಂತೀನಿ.”

ರಮಣಿ ನಿಲ್ಲಲಿಲ್ಲ. ಕಣದ ಅಂಚಿನಲ್ಲಿ ಸುತ್ತಿಟ್ಟಿದ್ದ ತಾಡಪತ್ರಿಯ ತುದಿ ಹಿಡಿದು ಎಳೆಯತೊಡಗಿದಳು. ಅದು ಒಬ್ಬಳಿಗೆ ಜಗ್ಗುವ ಭಾರವಾಗಿರಲಿಲ್ಲ. ಮೆಣಸಿನ ಘಾಟಿಗೆ ಕಣ್ಣಲ್ಲಿ ನೀರು ಸುರಿಯಿತು. ಅವಳು ಎಳೆಯುವುದನ್ನು ಬಿಡದ್ದು ನೋಡಿ, ನಕ್ಕಿದ್ದ ಹೆಂಗಸು ಬಂದು ಇನ್ನೊಂದು ತುದಿ ಹಿಡಿದುಕೊಂಡಳು.

“ಮಳಿ ಬರತೈತಿ ಅಂತ ಯಾರು ಹೇಳಿದ್ರಬೇ ನಿಮಗ?”

“ಯಾರೂ ಹೇಳ್ಲಿಲ್ಲ,” ಎಂದಳು ರಮಣಿ, ನಿಂಗಪ್ಪನಿಗೂ ಕೇಳಿಸುವಷ್ಟು ಜೋರಾಗಿ. “ನಂಗೆ ಗೊತ್ತುಂಟು.”